ಕೂತವರ ಓಣಿ

ತುಮಿನಿ ದಿನಾ ಬೆಳಗ್ಗೆ ಗಂಡನನ್ನು ಬಿದಿರುಕೋಲಿನಿಂದ ಬಡಿದು ಮನೆಯಿಂದ ಹೊರಗಟ್ಟುತ್ತಾಳೆ ಎಂಬ ಸುದ್ದಿ ಸಲತಿಗ ಊರಿನ ಆ ಇಳಿಜಾರು ಓಣಿಯಲ್ಲಿ ಹುಟ್ಟಿತು. ಪೇಟೆಯ ತರಕಾರಿ ಸಾಲನ್ನು ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು. ಪಾರ್ಶ್ವವಾಯು ಬಡಿದ ಮನುಷ್ಯನನ್ನು, ಬಾತುಕೋಳಿ ಮೇಯಿಸುವವನು ಹಿಂಡನ್ನು ಗದ್ದೆಗೆ ಹೊಡೆದುಕೊಂಡು ಹೋಗುವ ಹಾಗೆ, ಅವಳು ಏರು ಹತ್ತಿಸುತ್ತಾಳಂತೆ, ಅವನು ಅಳುತ್ತಾನಂತೆ, ಬೇಗ ಸಾಯಲಿ ಎಂದೇ ಹಾಗೆ ಮಾಡುತ್ತಾಳಂತೆ, ಅವನು ಹೋದ ಮೇಲೆ ವ್ಯಾನು ಮಾರಿ, ಸೈಕಲ್ಲಿನಲ್ಲಿ ಬ್ರೆಡ್ಡು ಮಾರುವ ವಿಧುರನ ಜೊತೆ ಸಂಸಾರ ಹೂಡುತ್ತಾಳಂತೆ. ಬ್ರೆಡ್ಡಿನವನಿಗೆ ಈ ವಿಷಯ ತಿಳಿದದ್ದು ಎಲ್ಲರಿಗಿಂತ ಕೊನೆಗೆ. ತಿಳಿದ ಮೇಲೆ ಆತ ಆ ಓಣಿಯ ಕಡೆ ತಲೆ ಹಾಕಲಿಲ್ಲ.

ಕೋಲು ಇದ್ದದ್ದು ನಿಜ. ಹೊಳೆದಂಡೆಯ ಮೆಳೆಯಿಂದ ತುಮಿನಿಯೇ ಕಡಿದು ತಂದು, ಗೆಣ್ಣು ಹೆರೆದು, ಗಂಡನಿಗೆಂದು ಮಾಡಿದ ಊರುಗೋಲು ಅದು. ಏರಿನಲ್ಲಿ ಅವನು ಎಡಗೈಯನ್ನು ಗೋಡೆಗೆ ಊರಿದಾಗ ಕೋಲು ಅವಳ ಕೈಗೆ ಬರುತ್ತಿತ್ತು. ಕಂಡವರು ಕಂಡದ್ದು ಅಷ್ಟನ್ನೇ. ಅವಳು ಗಂಡನಿಗೆ ಒಂದೇಟೂ ಹಾಕಿದವಳಲ್ಲ. ಅವಳು ಮಾಡಿದ ಕೆಲಸ ಬೇರೆ. ಆ ಓಣಿಯ ಲೆಕ್ಕದಲ್ಲಿ ಅದು ಗಂಡನಿಗೆ ಹೊಡೆಯುವುದಕ್ಕಿಂತ ದೊಡ್ಡ ತಪ್ಪು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಓಣಿ ಕೋಲಿನ ಕಥೆ ಕಟ್ಟಿತು.

ಅವಳ ಗಂಡ ಮರ್ಸುದಿ, ಊರೊಳಗೆ ಜನರನ್ನು ಹತ್ತಿಸಿಕೊಂಡು ಓಡುವ ಅಂಕೋತ್ ಎಂಬ ಬಾಡಿಗೆ ವ್ಯಾನಿನ ಚಾಲಕ. ಇಪ್ಪತ್ತರ ಹರೆಯದಲ್ಲಿ ಸ್ಟಿಯರಿಂಗ್ ಹಿಂದೆ ಕೂತವನು ಐವತ್ತು ದಾಟುವವರೆಗೆ ಅಲ್ಲಿಂದ ಎದ್ದದ್ದು ಕಡಿಮೆ. ಮೊದಲೆಲ್ಲ ಬಾಗಿಲಲ್ಲಿ ಜೋತುಬೀಳುವಷ್ಟು ಜನ ಹತ್ತುತ್ತಿದ್ದರು. ಮನೆಮನೆಗೂ ಬೈಕು ಬಂದ ಮೇಲೆ ಅವನು ತಾಸುಗಟ್ಟಲೆ ಪೇಟೆಯ ಮೂಲೆಯಲ್ಲಿ ವ್ಯಾನು ನಿಲ್ಲಿಸಿ, ಬರದ ಪ್ರಯಾಣಿಕರಿಗಾಗಿ ಕಾಯತೊಡಗಿದ. ಕಾಯುವುದೂ ಕೂತೇ. ಕಿಟಕಿಯಿಂದಲೇ ಕರಿದ ಸೋಯಾ ತೆಂಪೆ, ಕಿಟಕಿಯಿಂದಲೇ ಪ್ಲಾಸ್ಟಿಕ್ ಚೀಲದ ಸಿಹಿ ಚಹಾ, ಕಿಟಕಿಯಿಂದಲೇ ಲವಂಗದ ಸಿಗರೇಟು. ಸಂಜೆ ಡಾಂಬರು ರಸ್ತೆಯಲ್ಲಿ ವ್ಯಾನು ನಿಲ್ಲಿಸಿದರೆ, ಅಲ್ಲಿಂದ ಓಣಿಯ ತುದಿಯ ಮನೆಗೆ ಒಂದು ಸಿಗರೇಟು ಸೇದಿ ಮುಗಿಯುವಷ್ಟೂ ದೂರವಿಲ್ಲ. ಅಷ್ಟು ದೂರಕ್ಕೂ ಅಕ್ಕನ ಮಗ ಸೆನೊ ಬೈಕು ತಂದು ಮಾವನನ್ನು ಕೂರಿಸಿಕೊಂಡು ಇಳಿಯುತ್ತಿದ್ದ.

ಆ ಓಣಿಯಲ್ಲಿ ನೆಲದ ಮೇಲೆ ಕಾಲಿಟ್ಟು ಓಡಾಡುವವು ಕೋಳಿಗಳು ಮಾತ್ರ. ತುಮಿನಿಯ ಹದಿನೇಳರ ಮಗಳು ವೆನಿಂಗ್ ಶಾಂಪೂ ಪೊಟ್ಟಣ ತರಲು ಮೂರು ಮನೆಯಾಚೆಯ ಅಂಗಡಿಗೆ ಬೈಕಿನಲ್ಲಿ ಹೋಗುತ್ತಾಳೆ. ಓಣಿಯ ಮುಖ್ಯಸ್ಥ ಪಾಕ್ ಗುನಾದಿ, ಅಂದರೆ ಗುನಾದಿ ಯಜಮಾನರು, ಲುಂಗಿಯುಟ್ಟು ತಲೆಗೆ ಕಪ್ಪು ಟೊಪ್ಪಿಗೆಯಿಟ್ಟ ಗೌರವಸ್ಥ, ಬಾಂಗು ಕೇಳಿಸಿದರೆ ಬೈಕು ಚಾಲೂ ಮಾಡುತ್ತಾರೆ. ಇಂಜಿನ್ ಬಿಸಿಯಾಗುವ ಮುಂಚೆ ಪ್ರಾರ್ಥನಾಮಂದಿರ ಬಂದುಬಿಡುತ್ತದೆ. ಶಾಲೆಗೆ ಹೋಗುವ ಮಕ್ಕಳು ಅಪ್ಪನ ಬೆನ್ನು, ಅಮ್ಮನ ಹೊಟ್ಟೆಗಳ ನಡುವೆ ಅಪ್ಪಚ್ಚಿಯಾಗಿ ಹೋಗುತ್ತವೆ. ಯಾರಾದರೂ ನಡೆದು ಹೊರಟರೆ ಪ್ರತಿ ಜಗಲಿಯಿಂದಲೂ ಕೇಳುತ್ತಾರೆ, "ಎಲ್ಲಿಗೆ? ಗಾಡಿ ಕೆಟ್ಟಿದ್ಯಾ?" ಕೆಟ್ಟಿಲ್ಲ ಎಂದರೆ ಇನ್ನೂ ಕಷ್ಟ. ಗಾಡಿಯಿದ್ದೂ ನಡೆಯುವವನಿಗೆ ಏನೋ ಆಗಿದೆ ಎಂದರ್ಥ.

ತುಮಿನಿಯೂ ಇದರಿಂದ ಹೊರಗಿನವಳಲ್ಲ. ಶಾಲೆಯ ಸಮವಸ್ತ್ರ ಹೊಲಿದು ಬದುಕುವ ಅವಳು, ಕಾಲಿಗೆ ಆಯಾಸವೆಂದು ಹೊಲಿಗೆ ಯಂತ್ರಕ್ಕೆ ಮೋಟಾರು ಕೂರಿಸಿಕೊಂಡಿದ್ದಳು. ಯಂತ್ರ ಗುಯ್ಯೆನ್ನುತ್ತಿತ್ತು. ಕಾಲು ಸುಮ್ಮನಿತ್ತು.

ಮರ್ಸುದಿಗೆ ಪಾರ್ಶ್ವವಾಯು ಬಡಿದದ್ದು ಒಂದು ಬೆಳಗ್ಗೆ, ಅಂಗಿ ಗುಂಡಿ ಹಾಕಿಕೊಳ್ಳುವಾಗ. ಗುಂಡಿ ಬೆರಳಿನಿಂದ ಜಾರಿತು. ಬಾಯಿಯ ಒಂದು ಮೂಲೆ ಇಳಿದಂತಾಯಿತು. "ಯಾಕೋ ಜೋಮು ಹಿಡಿದಿದೆ" ಎಂದು ಅವನು ತೊದಲಿದ. ತುಮಿನಿ ಹೆದರಿ ಎರಡು ಮನೆಯಾಚೆಯ ಗಂಡನ ಅಕ್ಕನನ್ನು ಕೂಗಿದಳು. ಊರಿಗೆಲ್ಲ ಯು ಸರ್ಮಿ, ಅಂದರೆ ಸರ್ಮಿಯಕ್ಕ. ಅರವತ್ತು ದಾಟಿದ, ಭಾರಿ ಮೈಯ, ಭಾರಿ ಮಾತಿನ ಹೆಂಗಸು; ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು. ಸೆನೊನ ಬೈಕಿನಲ್ಲಿ ಬಂದು, ಅವನ ತೋಳು ಹಿಡಿದು ಇಳಿದವಳೇ ತಮ್ಮನ ಹಣೆ ಮುಟ್ಟಿ ನೋಡಿ, "ಮೈಗೆ ಗಾಳಿ ಹೊಕ್ಕಿದೆ, ಇನ್ನೇನಿಲ್ಲ" ಎಂದಳು. ಬೋರಲು ಮಲಗಿಸಿ, ಎಣ್ಣೆ ಸವರಿ, ಗಾಳಿ ಹೊರಬರಲೆಂದು ನಾಣ್ಯದಿಂದ ಬೆನ್ನು ಕೆರೆದಳು. ಹುಲಿಯ ಪಟ್ಟೆಯಂತೆ ಕೆಂಪು ಗೆರೆಗಳೆದ್ದವು.

"ನೋಡು ತಂಗಿ ತುಮಿನಿ, ಎಷ್ಟು ಕೆಂಪಗೆ ಬಂತು! ಇಷ್ಟೊಂದು ಗಾಳಿ ತುಂಬಿತ್ತು. ಹೊದಿಸಿ ಮಲಗ್ಸು. ಏಳೋಕೆ ಬಿಡ್ಬೇಡ."

ತುಮಿನಿ ಶುಂಠಿ ನೀರು ಕಾಯಿಸಿ ಕೊಟ್ಟಳು. ಹೊದಿಸಿದಳು. ಏಳಲು ಬಿಡಲಿಲ್ಲ. ಸಂಜೆಗೆ ಅವನ ಬಲಗೈ ಲೋಟ ಹಿಡಿಯದಾದಾಗ ಆಸ್ಪತ್ರೆಗೆ ಒಯ್ದರು. ಪಾಳಿಯಲ್ಲಿದ್ದ ವೈದ್ಯರು ಬೆನ್ನಿನ ಪಟ್ಟೆಗಳನ್ನು ನೋಡಿ, ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟು, "ಬೆಳಗ್ಗೇನೇ ಬಂದಿದ್ರೆ" ಎಂದಷ್ಟೇ ಹೇಳಿ ಮುಂದಿನ ಹಾಸಿಗೆಗೆ ಹೋದರು. ಆ ಅರ್ಧ ವಾಕ್ಯ ತುಮಿನಿಯ ಎದೆಯಲ್ಲಿ ಕೆಂಡದ ಹಾಗೆ ಕೂತಿತು. ಯಾರ ಮೇಲೆ ಎಸೆಯಬೇಕೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ವ್ಯಾಯಾಮ ಮಾಡಿಸುವ ಹುಡುಗಿ, ವೆನಿಂಗ್‌ಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಬಿಡುಗಡೆಯ ದಿನ ತುಮಿನಿಯನ್ನು 'ಬು', ಅಂದರೆ ಅಮ್ಮಾ, ಎಂದು ಪಕ್ಕಕ್ಕೆ ಕರೆದಳು.

"ಬು, ಮೊದಲ ಕೆಲವು ತಿಂಗಳಲ್ಲಿ ಎಷ್ಟು ಶಕ್ತಿ ವಾಪಸ್ ಬರುತ್ತೋ ಅಷ್ಟೇ. ಆಮೇಲೆ ಕಾಲು ಹಾಗೇ ಸೆಟ್ಕೊಂಡ್ಬಿಡುತ್ತೆ. ದಿನಾ ನಡೆಸಿ. ಬೈದ್ರೂ ನಡೆಸಿ."

"ಬೈಯೋರಲ್ಲಮ್ಮ ಅವರು. ತುಂಬ ಮೆತ್ತಗಿನ ಮನುಷ್ಯ."

"ಹಾಗಾದ್ರೆ ಇನ್ನೂ ಕಷ್ಟ" ಎಂದಳು ಹುಡುಗಿ. "ಬೈಯೋರು ಬೇಗ ಎದ್ದೇಳ್ತಾರೆ."

ಮನೆಗೆ ಬಂದ ದಿನದಿಂದಲೇ ರೋಗಿಯನ್ನು ನೋಡಲು ಜನ ಬಂದರು. ನಡೆದು ಬರಲಾರದವರು, ಅಂದರೆ ಎಲ್ಲರೂ, ಬೈಕಿನ ಮೇಲೆ ಬಂದರು. ಕೈಯಲ್ಲಿ ಬ್ರೆಡ್ಡು, ಕಿತ್ತಳೆ, ಸಿಹಿ ಹಾಲಿನ ಡಬ್ಬಿ. ಚಾಪೆಯ ಮೇಲೆ ಕೂತು, ಚಹಾ ಕುಡಿದು, ತಮ್ಮ ಚಿಕ್ಕಪ್ಪನಿಗೋ ನಾದಿನಿಗೋ ಹೀಗೇ ಆಗಿ ಹೇಗೆ ಸತ್ತರು ಎಂದು ವಿವರವಾಗಿ ಹೇಳಿ, ಎದ್ದು ಹೋಗುವಾಗ ಒಬ್ಬರೂ ತಪ್ಪದೆ ಅದೇ ಮಾತು: "ಜಾಸ್ತಿ ಅಲ್ಲಾಡ್ಬೇಡಿ ಪಾಕ್ ಮರ್ಸುದಿ. ಆರಾಮಾಗಿ ಮಲಗಿ." ಬಂದವರೆದುರು ರೋಗಿ ಮಲಗಿರಬೇಕು, ಅದು ಮರ್ಯಾದೆ. ಹೀಗಾಗಿ ತುಮಿನಿ ಅವನನ್ನು ಎಬ್ಬಿಸಿ, ಕಂಬ ಹಿಡಿಸಿ ನಿಲ್ಲಿಸುವಷ್ಟರಲ್ಲಿ ಹೊರಗೆ ಬೈಕಿನ ಸದ್ದಾಗುತ್ತಿತ್ತು, ಅವನು ಅವಸರವಸರವಾಗಿ ಮತ್ತೆ ಹಾಸಿಗೆಗೆ ಬೀಳುತ್ತಿದ್ದ. ಮನೆಯಲ್ಲಿ ಅವಳಿಗೆ ಅವನು ಪಾಕ್ನೆ, ಅವನಿಗೆ ಅವಳು ಬುನೆ; ಮಗಳ ಅಪ್ಪ, ಮಗಳ ಅಮ್ಮ ಎಂದ ಹಾಗೆ.

"ನಿಂತೇ ಇರಿ ಪಾಕ್ನೆ! ಅವರೇನು ನಿಮ್ಮ ಹಾಸಿಗೆ ನೋಡೋಕೆ ಬರ್ತಾರಾ?"

"ಚೆನ್ನಾಗಿರಲ್ಲ ಬುನೆ" ಎಂದು ಅವನು ತೊದಲುತ್ತ ಹೊದಿಕೆ ಎಳೆದುಕೊಳ್ಳುತ್ತಿದ್ದ. "ಅಷ್ಟು ದೂರದಿಂದ ಬಂದಿದ್ದಾರೆ."

ಅಷ್ಟು ದೂರ ಎಂದರೆ ಎದುರುಮನೆ.

ಗಾಲಿಕುರ್ಚಿ ಬಂದದ್ದು ಒಂದು ಗುರುವಾರ, ಸಂಜೆಯ ಯಾಸಿನ್ ಪ್ರಾರ್ಥನಾ ಪಠಣ ಮುಗಿದ ಮೇಲೆ. ಓಣಿಯವರೆಲ್ಲ ಸೇರಿ ತಂದದ್ದು. ಕುರ್ಚಿಗೆ ಕೆಂಪು ರಿಬ್ಬನ್ ಬೇರೆ. ಪಾಕ್ ಗುನಾದಿ ಗಂಟಲು ಸರಿಪಡಿಸಿಕೊಂಡು ಓಣಿಯ ಒಗ್ಗಟ್ಟಿನ ಮೇಲೆ ಭಾಷಣ ಮಾಡಿದರು. ಸರ್ಮಿ ತಲೆವಸ್ತ್ರದ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. ಸೆನೊ ಮಾವನನ್ನು ಎತ್ತಿ ಕೂರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಮರ್ಸುದಿ ನಕ್ಕ, ಅರ್ಧ ಬಾಯಿಯಲ್ಲಿ. ತುಮಿನಿ ಕೈ ಜೋಡಿಸಿ ಉಪಕಾರ ಹೇಳಿದಳು. ಹೇಳುವಾಗ ಅವಳ ಹಲ್ಲು ಕಚ್ಚಿಕೊಂಡಿದ್ದವು. ಇಷ್ಟು ಜನ ಇಷ್ಟು ಪ್ರೀತಿಯಿಂದ ತನ್ನ ಗಂಡನನ್ನು ಕೂರಿಸಿದ್ದಾರೆ, ಬೈಯಲು ಬಾಯಿಲ್ಲ ಎಂಬುದೇ ಅವಳ ಸಿಟ್ಟನ್ನು ಇಮ್ಮಡಿಸಿತು.

ಆಮೇಲೆ ಅವನು ಕುರ್ಚಿಯಿಂದ ಏಳಲಿಲ್ಲ. ಸೆನೊ ದಿನಾ ಬೆಳಗ್ಗೆ ತಳ್ಳಿಕೊಂಡು ಕಾವಲು ಕಟ್ಟೆಯವರೆಗೆ ಒಯ್ಯುತ್ತಿದ್ದ. ಓಣಿಯಲ್ಲಿರುವ ಆ ಬಿದಿರಿನ ಕಟ್ಟೆ ರಾತ್ರಿ ಗಸ್ತಿಗೆಂದು ಕಟ್ಟಿದ್ದು. ಹಗಲಿಗೆ ಅದು ಓಣಿಯ ಗಂಡಸರ ಪೀಠ. ನಿವೃತ್ತರು, ಕೆಲಸವಿಲ್ಲದವರು, ಕೆಲಸವಿದ್ದೂ ಹೋಗದವರು ಅಲ್ಲಿ ಕೂತಿರುತ್ತಾರೆ. ಹರೆಯದವರು ನಿಲ್ಲಿಸಿದ ಬೈಕುಗಳ ಮೇಲೆ ಕೂತು ಫೋನು ತಿಕ್ಕುತ್ತಾರೆ. ಎದುರಿಗೇ ಸರ್ಮಿಯ ಜಗಲಿ, ಅಲ್ಲಿ ಹೆಂಗಸರು. ಈ ಕೂತವರ ನಡುವೆ ಗಾಲಿಕುರ್ಚಿಯ ಮರ್ಸುದಿ ಎಷ್ಟು ಚೆನ್ನಾಗಿ ಹೊಂದಿಕೊಂಡನೆಂದರೆ, ಅವನಿಗೆ ಕಾಯಿಲೆ ಎಂಬುದೇ ಮರೆಯುವಂತಿತ್ತು.

ಒಂದು ದಿನ ತುಮಿನಿ ಅವನ ಬಲಗಾಲಿನ ಮೀನಖಂಡ ಮುಟ್ಟಿ ನೋಡಿದಳು. ಗಾಳಿ ಇಳಿದ ಬಲೂನಿನಂತೆ ಸಡಿಲಾಗಿತ್ತು. ಅಂದು ಸಂಜೆಯೇ ಕುರ್ಚಿಯನ್ನು ಮಡಿಸಿ, ಪಾಕ್ ಗುನಾದಿಯವರ ಮನೆಗೆ ತಾನೇ ಹೊತ್ತುಕೊಂಡು ಹೋದಳು.

"ಇದನ್ನ ನಿಮ್ಮ ಉಗ್ರಾಣದಲ್ಲಿಡಿ ಪಾಕ್. ನಮಗೆ ಬೇಡ."

"ಚೆನ್ನಾಗಿಲ್ವಾ? ಬೇರೆ ಬಣ್ಣದ್ದು ಬೇಕಿತ್ತಾ?"

"ತುಂಬ ಚೆನ್ನಾಗಿದೆ. ಅದೇ ತೊಂದರೆ."

ಮರುದಿನ ನಸುಕಿನಲ್ಲೇ ಅವನನ್ನು ಎಬ್ಬಿಸಿ ಬಾಗಿಲಿಗೆ ತಂದಳು. ಅವನು ಹೊಸ್ತಿಲಲ್ಲಿ ಗಟ್ಟಿಯಾಗಿ ನಿಂತುಬಿಟ್ಟ. ನೋವು, ಭಯ ಎಂದೆಲ್ಲ ಅವಳು ಊಹಿಸಿದ್ದಳು. ಅವನ ಚಿಂತೆ ಬೇರೆಯಿತ್ತು. ಮನೆ ಇರುವುದು ಓಣಿಯ ಕೊನೆಯಲ್ಲಿ. ಹಿಂದೆ ಹೊಳೆಯ ಕಮರಿ. ಎತ್ತ ಹೋಗುವುದಿದ್ದರೂ ಎಲ್ಲ ಜಗಲಿಗಳ ಮುಂದೆಯೇ ಹಾಯಬೇಕು. ಕೂತ ಹಿರಿಯರ ಮುಂದೆ ಹಾಯುವವನು ನಡು ಬಗ್ಗಿಸಿ, ಬಲಗೈಯನ್ನು ನೆಲದತ್ತ ಚಾಚಿ, "ನುವುನ್ ಸೆವು" ಎಂದು ಅಪ್ಪಣೆ ಕೇಳುತ್ತ, ಅವರ ತಲೆಗಿಂತ ತನ್ನ ತಲೆ ತಗ್ಗಿಸಿ ಹೋಗಬೇಕು. ನಡೆಯಲು ಕಲಿತ ಮಗುವಿಗೆ ಎರಡನೆಯ ಪಾಠವೇ ಇದು.

"ಕುರ್ಚೀಲಿದ್ರೆ ಸರಿ ಇತ್ತು" ಎಂದ ಅವನು. "ತಲೆ ಕೆಳಗೇ ಇರ್ತಿತ್ತು. ಈಗ ನಿಗುರಿಕೊಂಡು ಅವರೆಲ್ಲರ ಮುಂದೆ ಹೋಗ್ಲಾ? ನನ್ನ ಅಪ್ಪನ ವಯಸ್ಸಿನೋರು."

"ನಿಮಗೆ ಕಾಯಿಲೆ ಅಂತ ಅವರಿಗೆ ಗೊತ್ತಿಲ್ವಾ?"

"ಗೊತ್ತಿದ್ರೆ? ಕಾಯಿಲೆ ಬಂದ್ರೆ ಮಾನ ಬಿಡ್ಬೇಕಾ?"

ಹೊತ್ತು ಹರಿಯುವ ಮುಂಚೆ ಹೋಗುವುದೆಂದು ಒಪ್ಪಂದವಾಯಿತು. ಮೊದಮೊದಲ ದಿನಗಳಲ್ಲಿ ಏರಿನಲ್ಲಿ ಅವನಿಗಿಂತ ಮೊದಲು ಏದುಸಿರು ಬಿಟ್ಟವಳು ತುಮಿನಿ. ಮೊಣಕಾಲು ಕಟಕಟ ಎನ್ನುತ್ತಿತ್ತು. ಎದೆಯೊಳಗೆ ಆ ಹೊಲಿಗೆ ಯಂತ್ರದ ಮೋಟಾರೇ ಓಡುತ್ತಿತ್ತು. ಐವತ್ತಕ್ಕೇ ತಾನು ಹೀಗಾದೆನೇ ಎಂದು ಅವಳಿಗೆ ತನ್ನ ಮೇಲೂ ರೇಗಿತು. ಎದುರು ಬಂದ ಪ್ರತಿಯೊಬ್ಬನೂ ಬೈಕು ನಿಲ್ಲಿಸುತ್ತಿದ್ದ.

"ಹತ್ತಿ ಪಾಕ್, ಬಿಡ್ತೀನಿ. ಎಲ್ಲಿಗೆ?"

"ಎಲ್ಲಿಗೂ ಇಲ್ಲ."

"ಎಲ್ಲಿಗೂ ಇಲ್ಲ ಅಂದ್ರೆ ಯಾಕೆ ನಡೀತಿದ್ದೀರಿ?"

ಹೀಗೆ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಎಲ್ಲರಿಗೂ ನಕ್ಕು, ಉಪಕಾರ ಹೇಳಿ ಸಾಗುವಷ್ಟರಲ್ಲಿ ಬೆಳಗಾಗಿಬಿಡುತ್ತಿತ್ತು. ಕಟ್ಟೆಯ ಮೇಲೆ ಜನ ಸೇರುತ್ತಿದ್ದರು. ಹಿಂದಿರುಗುವಾಗ ಅವರ ಮುಂದೆಯೇ ಬರಬೇಕಾಗುತ್ತಿತ್ತು.

ಆ ದಿನ ಆದದ್ದೂ ಹಾಗೆಯೇ. ಇಳಿಜಾರಿನಲ್ಲಿ ತುಮಿನಿ ಒಂದು ಹೆಜ್ಜೆ ಹಿಂದಿದ್ದಳು. ಕಟ್ಟೆಯ ಮೇಲೆ ಪಾಕ್ ಗುನಾದಿ, ಎಂಬತ್ತರ ಅಂಚಿನ ಪಾಕ್ ದುಲ್ಮಾನಿ, ಇನ್ನೂ ಐದಾರು ಮಂದಿ. ಬೈಕುಗಳ ಮೇಲೆ ಸೆನೊ ಮತ್ತವನ ಗೆಳೆಯರು. ಎದುರಿನ ಜಗಲಿಯಲ್ಲಿ ಸರ್ಮಿ, ಹೆಂಗಸರು. ಮರ್ಸುದಿ ಹತ್ತಿರ ಬಂದ. ಅವನ ಮೈ ಮೂವತ್ತು ವರ್ಷದ ಹಿಂದಿನ, ನಲವತ್ತು ವರ್ಷದ ಹಿಂದಿನ ಅಭ್ಯಾಸದಲ್ಲಿ ತನ್ನಷ್ಟಕ್ಕೆ ಬಗ್ಗಿತು. ಚಾಚಬೇಕಾದ ಬಲಗೈ ಚಾಚಲಿಲ್ಲ. ಭಾರ ತಡೆಯಬೇಕಾದ ಬಲಗಾಲು ತಡೆಯಲಿಲ್ಲ. "ನುವುನ್..." ಎನ್ನುತ್ತಲೇ ಅವನು ಮುಖ ಅಡಿಯಾಗಿ ಕಟ್ಟೆಯ ಮುಂದಿನ ಸಿಮೆಂಟಿನ ಮೇಲೆ ಬಿದ್ದ. ಹುಬ್ಬು ಒಡೆದು ರಕ್ತ ಬಂತು. ಬಿದ್ದಲ್ಲಿಂದಲೇ ಮಾತು ಮುಗಿಸಿದ, "ಸೆವು."

ಕಟ್ಟೆಯ ಮೇಲಿದ್ದವರು "ಅಯ್ಯೋ ಅಯ್ಯೋ" ಎಂದರು. ಕೂತೇ ಎಂದರು. ಜಗಲಿಯಿಂದ ಸರ್ಮಿ ಕಿರುಚಿದಳು, "ಹೇಳಿರ್ಲಿಲ್ವಾ ನಾನು? ಮಲಗಿರೋನನ್ನ ಎಬ್ಬಿಸಿ ಕೊಲ್ತಾಳೆ ಅಂತ! ಸೆನೊ, ಎತ್ತೋ ಮಾವನ್ನ, ಬೈಕ್ ತಾ!"

ಸೆನೊ ಬೈಕಿನಿಂದ ಇಳಿಯದೆ ಕೀಲಿ ತಿರುಗಿಸಿದ. ಆ ಇಂಜಿನ್ನಿನ ಸದ್ದು ಕೇಳಿದ್ದೇ ತಡ, ಆಸ್ಪತ್ರೆಯಿಂದ ಇಲ್ಲಿಯವರೆಗೆ ತುಮಿನಿ ನುಂಗಿಕೊಂಡು ಬಂದದ್ದೆಲ್ಲ ಒಮ್ಮೆಗೇ ಹೊರಬಂತು.

"ಎದ್ದು ನಿಲ್ಲಿ!"

ಯಾರಿಗೂ ಅರ್ಥವಾಗಲಿಲ್ಲ. ಗಂಡನಿಗೆ ಹೇಳುತ್ತಿದ್ದಾಳೆ ಎಂದುಕೊಂಡರು.

"ನಿಮಗೇ ಹೇಳ್ತಿರೋದು! ಎಲ್ಲರಿಗೂ! ನೀವು ಕೂತಿದ್ದಕ್ಕೆ ಅವರು ಬಗ್ಗಿದ್ದು, ಬಗ್ಗಿದ್ದಕ್ಕೆ ಬಿದ್ದದ್ದು. ನೀವು ನಿಂತಿದ್ರೆ ನೆಟ್ಟಗೆ ಹೋಗ್ತಿದ್ರು. ಏಳಿ! ಪಾಕ್ ಗುನಾದಿ, ಏಳಿ! ಸೆನೊ, ಇಳಿಯೋ ಆ ಗಾಡಿಯಿಂದ! ಬೆಳಗಾದ್ರೆ ಕೂತ್ಕೋತೀರಿ, ಸಂಜೆವರೆಗೂ ಕೂತ್ಕೋತೀರಿ, ರೋಗಿ ನೋಡೋಕೆ ಬಂದು ಕೂತ್ಕೋತೀರಿ, ಅವರನ್ನೂ ಕೂರಿಸ್ತೀರಿ! ಇದು ಓಣಿಯೋ, ಬಸ್‌ಸ್ಟ್ಯಾಂಡೋ? ಯಾವ ಬಸ್ಸಿಗೆ ಕಾಯ್ತಿದ್ದೀರಿ ಎಲ್ಲರೂ?"

ಹಿರಿಯರ ಹೆಸರು ಹಿಡಿದು, ಏರಿದ ದನಿಯಲ್ಲಿ, ಹೆಂಗಸೊಬ್ಬಳು ಅಪ್ಪಣೆ ಕೊಟ್ಟದ್ದು ಆ ಓಣಿಯ ನೆನಪಿನಲ್ಲೇ ಇರಲಿಲ್ಲ. ಯಾರೂ ಏಳಲಿಲ್ಲ. ಏಳುವುದೆಂದರೆ ಈಗ ಅವಳ ಮಾತು ಕೇಳಿದಂತಾಗುತ್ತಿತ್ತು. ಮರ್ಸುದಿ ಎಡಗೈ ಊರಿ, ಕಟ್ಟೆಯ ಕಂಬ ಹಿಡಿದು, ತೆವಳಿ, ತಾನೇ ಎದ್ದ. ಅವನು ಏಳಲು ತೆಗೆದುಕೊಂಡ ಹೊತ್ತಿನುದ್ದಕ್ಕೂ ಎಲ್ಲರೂ ನೆಲ ನೋಡುತ್ತ ಕೂತಿದ್ದರು. ಎದ್ದ ಮೇಲೆ ಅವನು ಹೆಂಡತಿಯ ಕೈಯನ್ನು ಕೊಡವಿ, ಗೋಡೆ ಹಿಡಿದು ಮನೆಗೆ ಹೋದ.

ಮನೆಯಲ್ಲಿ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಹಚ್ಚಿದ ಔಷಧವನ್ನೂ ಒರೆಸಿಕೊಂಡ.

"ನನ್ನ ಮುಖ ಒಡೆದದ್ದು ಪರವಾಗಿಲ್ಲ" ಎಂದ. "ಅವರ ಮುಖ ಒಡೆದೆಯಲ್ಲ ಬುನೆ."

ಅದಾದ ಮೇಲೆ ಅವನು ಹೊರಗೆ ಬರಲಿಲ್ಲ. ವೆನಿಂಗ್ ಕೂಡ ಅಮ್ಮನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಶಾಲೆಯಲ್ಲಿ ಗೆಳತಿಯರು ಅವಳು ಒಳಗೆ ಬಂದರೆ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಿದ್ದರಂತೆ. ದಿನಗಳು ಹೋಗುತ್ತಿದ್ದವು. ಆಸ್ಪತ್ರೆಯ ಹುಡುಗಿ ಹೇಳಿದ ಮೊದಲ ತಿಂಗಳುಗಳು ಒಂದೊಂದಾಗಿ ಸೋರಿಹೋಗುವುದನ್ನು ತುಮಿನಿ ಹೊಲಿಗೆ ಯಂತ್ರದ ಮುಂದೆ ಕೂತು ನೋಡುತ್ತಿದ್ದಳು. ಯಂತ್ರದ ಮೋಟಾರನ್ನು ಅವಳು ಕಿತ್ತು ಮೂಲೆಗೆಸೆದದ್ದು ಆಗಲೇ. ಮರ್ಸುದಿ ಏಳದಿದ್ದರೆ ಈ ಜನ್ಮಕ್ಕೆ ಇಷ್ಟೇ ಎಂಬುದು ಅವಳಿಗೆ ಗೊತ್ತಿತ್ತು. ಅವನನ್ನು ಏಳದಂತೆ ಮಾಡಿದವಳು ಈಗ ತಾನೇ ಎಂಬುದೂ.

ಪಾಕ್ ಗುನಾದಿ ಕರೆ ಕಳಿಸಿದರು. ಅವರ ಪಡಸಾಲೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತಿದ್ದರು. ಅವಳು ಬಾಗಿಲಿನಿಂದಲೇ ನಡು ಬಗ್ಗಿಸಿ, ಕೈ ಚಾಚಿ, ಎಲ್ಲ ಮರ್ಯಾದೆಯಿಂದ ಒಳಗೆ ಬಂದು ಕೂತಳು. ಕಡಲೆಕಾಯಿ, ಚಹಾ ಬಂದವು. ಮಳೆ, ಮೆಣಸಿನಕಾಯಿಯ ಬೆಲೆ, ಯಾರದೋ ಮದುವೆಯ ಮಾತಾದ ಮೇಲೆ ಪಾಕ್ ಗುನಾದಿ ಅವಳನ್ನು ಗಂಡನ ಹೆಸರಿನಿಂದ ಕರೆದು ವಿಷಯಕ್ಕೆ ಬಂದರು.

"ಬು ಮರ್ಸುದಿ, ಯಾರಿಗೂ ಬೇಜಾರಿಲ್ಲ. ಆದ್ರೆ ಒಂದು ಮಾತು ಹೇಳ್ಬಿಟ್ರೆ ಎಲ್ಲರ ಮನಸ್ಸೂ ಹಗುರ ಆಗುತ್ತೆ."

"ಹೇಳ್ತೀನಿ ಪಾಕ್" ಎಂದಳು ತುಮಿನಿ. "ದನಿ ಏರಿಸಿದ್ದು ನನ್ನ ತಪ್ಪು. ಕ್ಷಮಿಸಿ. ಹೆಸರು ಹಿಡಿದು ಕರೆದದ್ದೂ ತಪ್ಪು, ಕ್ಷಮಿಸಿ."

ಎಲ್ಲರೂ ಉಸಿರು ಬಿಟ್ಟರು. ಯಾರೋ ಕಡಲೆಕಾಯಿ ಬಿಡಿಸಿದರು.

"ಹೇಳಿದ ಮಾತಿಗೆ ಕ್ಷಮೆ ಕೇಳಲ್ಲ. ಅವರು ಇನ್ನೊಂದ್ಸಲ ಬಗ್ತಾರೆ, ಇನ್ನೊಂದ್ಸಲ ಬೀಳ್ತಾರೆ. ಬಗ್ಗಬೇಡಿ ಅಂದ್ರೆ ಕೇಳೋ ಮನುಷ್ಯ ಅಲ್ಲ, ನಿಮಗೂ ಗೊತ್ತು. ಆ ಸಲ ತಲೆ ಒಡೆಯುತ್ತೆ. ಆಗ ನೀವೆಲ್ಲ ಏಳ್ತೀರಿ ಪಾಕ್. ಹೆಣ ಹೊರೋಕೆ ಏಳ್ತೀರಿ, ಹೆಗಲು ಕೊಡ್ತೀರಿ, ಗುಡ್ಡದ ಮೇಲಿನ ಸ್ಮಶಾನದವರೆಗೆ ನಡ್ಕೊಂಡೇ ಹೋಗ್ತೀರಿ. ಅವತ್ತು ಒಬ್ಬನೂ ಬೈಕ್ ತರಲ್ಲ. ಅವತ್ತು ಏಳೋ ಬದ್ಲು ಇವತ್ತೇ ಎದ್ರೆ ಏನ್ ಹೋಗುತ್ತೆ ನಿಮ್ದು?"

ಕಡಲೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. ಪಾಕ್ ಗುನಾದಿ "ಚಹಾ ಆರಿಹೋಗುತ್ತೆ, ಕುಡೀರಿ" ಎಂದರು.

ಅವಳು ಮನೆಗೆ ಬಂದಾಗ ಮರ್ಸುದಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಒಗೆದ ಅಂಗಿ ತೊಟ್ಟಿದ್ದ. ಗುಂಡಿಗಳು ಒಂದೊಂದು ಮೇಲೆ ಕೆಳಗಾಗಿದ್ದವು.

"ಏನು ಹೇಳಿ ಬಂದೆ?"

ಅವಳು ಹೇಳಿದಳು. ಅವನು ಹಣೆ ಹಣೆ ಬಡಿದುಕೊಂಡ, ಎಡಗೈಯಲ್ಲಿ.

"ಹೆಣ ಅಂದ್ಯಾ? ದುಲ್ಮಾನಿಯವರ ಮುಂದೆ ಹೆಣ ಅಂದ್ಯಾ? ಎಂಬತ್ತು ವರ್ಷ ಆಯ್ತಲ್ಲೇ ಅವರಿಗೆ! ನಾಳೆ ನಾನೇ ಹೋಗ್ತೀನಿ. ಪ್ರತಿ ಮನೆಗೂ ಹೋಗಿ ನಿನ್ನ ಪರವಾಗಿ ಕ್ಷಮೆ ಕೇಳ್ಬೇಕು."

ಪ್ರತಿ ಮನೆಗೂ. ತುಮಿನಿ ಕೆನ್ನೆಯ ಒಳಭಾಗವನ್ನು ಕಚ್ಚಿ ಹಿಡಿದಳು.

"ಕೇಳಿ. ಕ್ಷಮೆ ಕೇಳೋಕೆ ಬೈಕಲ್ಲಿ ಹೋಗೋದು ಚೆನ್ನಾಗಿರಲ್ಲ, ನಡ್ಕೊಂಡೇ ಹೋಗಿ."

ಹೀಗೆ ಅವನು ಹೆಂಡತಿಯ ಅವಮರ್ಯಾದೆಗೆ ಪ್ರಾಯಶ್ಚಿತ್ತವಾಗಿ ನಡೆಯತೊಡಗಿದ. ದಿನಕ್ಕೊಂದು ಮನೆ, ಒಳ್ಳೆಯ ದಿನವಿದ್ದರೆ ಎರಡು. ಹತ್ತಿರದ ಮನೆಗಳು ಮೊದಲು, ಏರಿನ ಮೇಲಿನವು ಆಮೇಲೆ. ಪ್ರತಿ ಮನೆಯಲ್ಲೂ "ಕೂತ್ಕೊಳ್ಳಿ ಕೂತ್ಕೊಳ್ಳಿ" ಎಂಬ ಉಪಚಾರ. ತುಮಿನಿ ಕೋಲು ಹಿಡಿದು ಗೇಟಿನಲ್ಲೇ ನಿಂತು ಕೆಮ್ಮುತ್ತಿದ್ದಳು, ಅವನು ಏಳುತ್ತಿದ್ದ.

ಕಟ್ಟೆಯ ಮುಂದೆ ಮೊದಲ ದಿನ ಹಾದಾಗ ಒಂದು ವಿಚಿತ್ರ ನಡೆಯಿತು. ಅವನು ಹತ್ತಿರವಾಗುತ್ತಿದ್ದಂತೆ ಪಾಕ್ ಗುನಾದಿಗೆ ತಮ್ಮ ಲುಂಗಿ ಸಡಿಲಾದದ್ದು ನೆನಪಾಗಿ, ಎದ್ದು ಬಿಗಿದುಕೊಳ್ಳತೊಡಗಿದರು. ಇನ್ನೊಬ್ಬರು ತೂಗುಹಾಕಿದ ಹಕ್ಕಿಯ ಪಂಜರ ನೋಡಲು ಎದ್ದರು. ಮತ್ತೊಬ್ಬರಿಗೆ ಆಕಾಶದಲ್ಲಿ ಮೋಡವಿದೆಯೇ ಎಂಬ ಅನುಮಾನ ಬಂತು. ಪಾಕ್ ದುಲ್ಮಾನಿ ಇಬ್ಬರ ಹೆಗಲು ಹಿಡಿದು ಎದ್ದು, ಏಕೆ ಎದ್ದೆನೆಂದು ನೆವ ಹೇಳಲು ಮರೆತು, ಸುಮ್ಮನೆ ನಿಂತರು. ಯಾರೂ ಮರ್ಸುದಿಯನ್ನು ನೋಡಲಿಲ್ಲ. ಅವನು ಬಗ್ಗಬೇಕಾಗಲಿಲ್ಲ. ಅವನು ಹಾದುಹೋದ ಕೂಡಲೆ ಎಲ್ಲರೂ ಕಾವಿಗೆ ಮರಳಿದ ಕೋಳಿಗಳಂತೆ ಕೂತರು. ತುಮಿನಿಗೆ ನಗು ಬರಬೇಕಿತ್ತು, ಬರಲಿಲ್ಲ. ಲುಂಗಿ ಬಿಗಿದುಕೊಳ್ಳುವಷ್ಟು ಸುಲಭದ ಕೆಲಸಕ್ಕೆ ತನ್ನ ಗಂಡನ ಹುಬ್ಬು ಒಡೆಯಬೇಕಾಯಿತಲ್ಲ ಎಂದು ಅವಳ ಒಳಗು ಕುದಿಯಿತು.

ಸರ್ಮಿ ಮಾತ್ರ ಏಳಲಿಲ್ಲ. ಜಗಲಿಯ ಗೋಡೆಗೊರಗಿ, ಕಾಲು ಚಾಚಿ, ದಿನವೂ ನೆಟ್ಟ ನೋಟದಿಂದ ನೋಡುತ್ತ ಕೂತ ಅವಳ ಹಟ ತುಮಿನಿಯನ್ನು ಸುಟ್ಟಿತು. ಅಕ್ಕನ ಮುಂದೆ ಮರ್ಸುದಿ ಪ್ರತಿದಿನ ಸ್ವಲ್ಪ ಬಗ್ಗುತ್ತಿದ್ದ, ತುಮಿನಿ ಅವನ ಅಂಗಿಯ ಹಿಂಬದಿಯನ್ನು ಹಿಡಿದುಕೊಳ್ಳುತ್ತಿದ್ದಳು. ಕೊನೆಗೆ ಕ್ಷಮೆ ಕೇಳಲು ಉಳಿದದ್ದು ಅದೊಂದೇ ಮನೆ. ಮರ್ಸುದಿ ಜಗಲಿಯ ಮೆಟ್ಟಿಲು ಹತ್ತಿ ಅಕ್ಕನೆದುರು ನಿಂತ.

"ಯು, ತುಮಿನಿಯ ಪರವಾಗಿ..."

"ಅವಳ ಪರವಾಗಿ ನೀನ್ಯಾಕೆ? ಅವಳೇ ಕೇಳ್ಲಿ" ಎಂದಳು ಸರ್ಮಿ. "ನನ್ನ ತಮ್ಮನನ್ನ ಬೀದೀಲಿ ಕುಣಿಸ್ತಾಳೆ."

ತುಮಿನಿಗೆ ತಡೆಯಲಾಗಲಿಲ್ಲ. "ಊರೇ ಎದ್ದಿತು ಯು. ಒಡಹುಟ್ಟಿದೋರು ನೀವು. ನಿಮ್ಮ ಹಟ ದೊಡ್ಡದಾ, ಅವರ ಕಾಲು ದೊಡ್ಡದಾ? ಒಂದ್ಸಲ ಎದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಸರ್ಮಿಯ ಮುಖ ಕೆಂಪಾಯಿತು. "ಏಳ್ತೀನಿ, ನೋಡ್ಕೋ" ಎಂದು ಎರಡೂ ಅಂಗೈ ನೆಲಕ್ಕೂರಿದಳು. ಮೈ ಒಂದು ಗೇಣು ಎದ್ದಿತು, ನಡುಗಿತು, ಧೊಪ್ಪನೆ ಬಿತ್ತು. ಮತ್ತೆ ಊರಿದಳು. ಕತ್ತಿನ ನರ ಉಬ್ಬಿದವು. ಮತ್ತೆ ಬಿತ್ತು. ಚಾಚಿದ್ದ ಕಾಲಿನ ಮೇಲೆ ಸರಿದ ಲುಂಗಿಯ ಕೆಳಗೆ ಪಾದಗಳು ಊದಿ ಹೊಳೆಯುತ್ತಿದ್ದವು, ಹಿಮ್ಮಡಿಯಲ್ಲಿ ಒಣಗದ ಒಂದು ಹುಣ್ಣಿತ್ತು. ಸೆನೊ ಓಡಿಬಂದು ತಾಯಿಯ ಕಂಕುಳಿಗೆ ಕೈ ಹಾಕಿದ. ಆ ಹಿಡಿತದಲ್ಲಿ ಗಾಬರಿಯಿರಲಿಲ್ಲ, ರೂಢಿಯಿತ್ತು.

"ಎಷ್ಟು ದಿನದಿಂದ?" ಎಂದಳು ತುಮಿನಿ.

"ಹೋದ ರಂಜಾನಿಂದ" ಎಂದ ಸೆನೊ. "ನಾನೇ ಎತ್ತಿ ಕೂರಿಸ್ತೀನಿ. ಸ್ನಾನಕ್ಕೂ."

"ಡಾಕ್ಟರಿಗೆ ತೋರಿಸಿದ್ಯಾ?"

"ಅಮ್ಮ ಬೇಡ ಅಂದ್ರು. ವಯಸ್ಸಾಯ್ತಲ್ಲ, ಕೂತಿರ್ಲಿ ಅಂತ..."

"ನಿನ್ನ ಕಪಾಳಕ್ಕೆ ಹೊಡೀಬೇಕು!" ಎಂದು ತುಮಿನಿ ಕೂಗಿದಳು. "ಮಾವನ್ನ ಕೂರಿಸಿದ್ದು ಸಾಲದು ಅಂತ ಹೆತ್ತ ತಾಯೀನೂ ಕೂರಿಸಿದ್ಯಾ! ನಾಳೆ ಬೆಳಗ್ಗೆ ನಾನೇ ಕರ್ಕೊಂಡ್ ಹೋಗ್ತೀನಿ."

"ಎಲ್ಲಿಗೂ ಬರಲ್ಲ ನಾನು" ಎಂದಳು ಸರ್ಮಿ. ಅವಳು ಅಳುತ್ತಿದ್ದಳು, ಅವಳಿಗೂ ಅದು ದುಃಖವಲ್ಲ, ಸಿಟ್ಟು. "ನನ್ನ ಕಾಲು ನೋಡೋಕೆ ಬಂದ್ಯಾ? ನೋಡಿದ್ಯಲ್ಲ, ಹೋಗು. ಇನ್ನು ಈ ಮೆಟ್ಟಿಲು ಹತ್ಬೇಡ."

ಅದಾಗಿ ಒಂದು ವರ್ಷವಾಯಿತು. ಮರ್ಸುದಿ ದಿನಾ ಡಾಂಬರು ರಸ್ತೆಯವರೆಗೆ ಹೋಗಿ ಬರುತ್ತಾನೆ. ಬಲಗಾಲು ಎಳೆಯುತ್ತದೆ. ಬಲಗೈ ಚಮಚ ಹಿಡಿಯುವುದಿಲ್ಲ. ಇದಕ್ಕಿಂತ ಹೆಚ್ಚು ಬರುವ ಭರವಸೆಯನ್ನು ಆಸ್ಪತ್ರೆಯವರು ಕೊಟ್ಟಿಲ್ಲ. ವ್ಯಾನನ್ನು ಬೇರೊಬ್ಬರು ಓಡಿಸುತ್ತಿದ್ದಾರೆ. ವೆನಿಂಗ್ ಅಂಗಡಿಗೆ ಈಗಲೂ ಬೈಕಿನಲ್ಲೇ ಹೋಗುತ್ತಾಳೆ. ಸರ್ಮಿಯ ಹಿಮ್ಮಡಿಯ ಹುಣ್ಣು ಬೆಳೆದಿದೆ. ಸೆನೊ ಎರಡು ಸಲ ಅವಳನ್ನು ಆಸ್ಪತ್ರೆಗೆ ಒಯ್ದ, ಮೂರನೆಯ ಸಲ ಅವಳು ಒಪ್ಪಲಿಲ್ಲ. ಅವಳು ತುಮಿನಿಯ ಜೊತೆ ಮಾತಾಡುವುದಿಲ್ಲ, ಜಗಲಿಯಿಂದ ಏಳುವುದೂ ಇಲ್ಲ.